ಉತ್ಸವಮೂರ್ತಿಗೊಂದು ತೆಂಗಿನಕಾಯಿ

ದ್ವಾರಕಾನಾಥರಿಗೆ ಬ್ರಾಂಚ್ ಅಂದರೆ ಆಗುತ್ತಿರಲಿಲ್ಲ. ಯಾವ ಬ್ರಾಂಚೂ ಆಗುತ್ತಿರಲಿಲ್ಲ. ಬೆಂಗಳೂರಿನಲ್ಲಿದ್ದಾಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರೆ, ಪಕ್ಕದ ಬೀದಿಯ ಶಾಖೆಯನ್ನು ದಾಟಿಕೊಂಡು, ಬಸ್ಸು ಬದಲಿಸಿ, ಹೆಡ್ಡಾಫೀಸಿಗೇ ಹೋಗುವ ಜಾಯಮಾನ. ಅಲ್ಲಿಯವರು "ಇದನ್ನ ನಿಮ್ಮ ಬ್ರಾಂಚಲ್ಲೇ ಮಾಡ್ತಾರೆ ಸಾರ್" ಎಂದು ವಾಪಸ್ ಕಳಿಸುವರು. ಇವರು ಯುದ್ಧ ಗೆದ್ದವರ ಮುಖ ಮಾಡಿಕೊಂಡು ಮನೆಗೆ ಬಂದು, "ನೋಡು, ಬ್ರಾಂಚಲ್ಲಿ ಆಗುತ್ತೆ ಅಂತ ಹೆಡ್ಡಾಫೀಸ್‌ನೋರ ಬಾಯಲ್ಲೇ ಹೇಳಿಸ್ಕೊಂಡ್ ಬಂದೆ" ಎನ್ನುವರು. ಗೆಳೆಯರು ಇಟ್ಟ ಹೆಸರು ಹೆಡ್ಡಾಫೀಸ್ ದ್ವಾರ್ಕಿ. ಅದನ್ನು ಅವರು ಬಿರುದು ಎಂದೇ ತಿಳಿದಿದ್ದರು.

ಮದುವೆಯೂ ಹಾಗೆಯೇ ಆಯಿತು. ಹುಡುಗಿಯನ್ನು ಮೈಸೂರಿನ ಸೋದರಮಾವನ ಮನೆಯಲ್ಲಿ ತೋರಿಸುತ್ತೇವೆ ಎಂದು ಉಷಾ ಕಡೆಯವರು ಹೇಳಿಕಳಿಸಿದ್ದರು. ಸೋದರಮಾವನ ಮನೆ ಅಂದರೆ ಏನು? ಬ್ರಾಂಚ್! ದ್ವಾರಕಾನಾಥರು ಯಾರಿಗೂ ಹೇಳದೆ ಮಂಡ್ಯದ ಬಸ್ಸು ಹತ್ತಿ ಹುಡುಗಿಯ ಸ್ವಂತ ಮನೆಯ ಗೇಟಿನ ಮುಂದೆ ಇಳಿದರು. ಉಷಾ ತಲೆಗೆ ಎಣ್ಣೆ ಮೆತ್ತಿಕೊಂಡು, ಸೊಪ್ಪಿನವಳ ಜೊತೆ ಕಂತೆ ಸಣ್ಣದಾಯಿತೆಂದು ಜಗಳಕ್ಕೆ ನಿಂತಿದ್ದರು. "ಯಾರ್ರೀ ನೀವು? ಮೀಟರ್ ನೋಡಕ್ ಬಂದ್ರಾ?" ಎಂದು ಕೇಳಿದರು. ಇವರು ಹೂಂ ಅಂದು, ಒಳಗೆ ಹೋಗಿ ಕರೆಂಟಿನ ಮೀಟರನ್ನು ಗಂಭೀರವಾಗಿ ನೋಡಿ, ಹೊರಗೆ ಬಂದು, ಊರಿಗೆ ವಾಪಸಾಗಿ ತಾಯಿಗೆ "ಇದೇ ಹುಡುಗಿ" ಎಂದರು. "ನಮ್ಮನೆ ಮೀಟರ್ ಓದಿ ಒಪ್ಕೊಂಡೋರು" ಎಂದು ಉಷಾ ಈಗಲೂ ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಾರೆ.

ಇಂಥವರನ್ನು ಅವರ ಟೆಲಿಕಾಂ ಕಂಪನಿ ನೈರೋಬಿಗೆ ಕಳಿಸಿತು. ಏನಂತ? ರೀಜನಲ್ ಮ್ಯಾನೇಜರ್ ಅಂತ! ದೇವರಿಗೂ ಆಗಾಗ ತಮಾಷೆ ಬೇಕಲ್ಲ. ಕಿಲಿಮಾನಿಯಲ್ಲಿ ಫ್ಲ್ಯಾಟು, ರಿವರ್‌ಸೈಡಿನಲ್ಲಿ ಆಫೀಸು. ಗೇಟಿನ ಬಳಿ ತರಕಾರಿ ಮಾರುವ ಹೆಂಗಸಿನ ಹತ್ತಿರ ಇಡೀ ಅಪಾರ್ಟ್‌ಮೆಂಟು ಬೆಣ್ಣೆಹಣ್ಣು ಕೊಳ್ಳುತ್ತಿದ್ದರೆ, ಇವರು ಮರಿಕಿಟಿಯ ಸಗಟು ಮಾರುಕಟ್ಟೆಗೇ ಹೋಗಿ ಒಂದು ಮೂಟೆ ತಂದರು. ಮೂಟೆಗೆ ಮೂಟೆಯೇ ಒಂದೇ ದಿನ ಹಣ್ಣಾಯಿತು. ಆ ವಾರವೆಲ್ಲ ಬೆಣ್ಣೆಹಣ್ಣಿನ ಗೊಜ್ಜು, ಬೆಣ್ಣೆಹಣ್ಣಿನ ದೋಸೆ, ಕೊನೆಗೆ ಉಷಾ ತಲೆಗೂ ಹಚ್ಚಿಕೊಂಡರು.

ನಗುವವರು ನಗಲಿ. ಈ ಹುಚ್ಚಿಗೆ ಒಂದು ಬೇರು ಇತ್ತು, ಅದರ ಮಾತು ಬಂದರೆ ದ್ವಾರಕಾನಾಥರು ನಗುತ್ತಿರಲಿಲ್ಲ. ಹುಡುಗನಾಗಿದ್ದಾಗ ಅವರಿಗೆ ಡಾಕ್ಟರಾಗುವ ಆಸೆ. ಉತ್ತರದ ಕಡೆಯ ಒಂದು ದೊಡ್ಡ ಕಾಲೇಜಿನ ಪರೀಕ್ಷೆ ಪಾಸಾಗಿ ಇಂಟರ್ವ್ಯೂಗೆ ಕರೆ ಬಂತು. ಬೇಕಿದ್ದರೆ ಕ್ಯಾಂಪಸ್ಸಿಗೆ ಬನ್ನಿ, ಇಲ್ಲವೇ ಬೆಂಗಳೂರಿಗೆ ನಾವೇ ಬರುತ್ತೇವೆ, ಎರಡೂ ಒಂದೇ ಎಂದಿದ್ದರು. "ಅವರೇ ಮನೆ ಬಾಗಿಲಿಗೆ ಬರ್ತಾರಂತೆ, ಅಷ್ಟು ದೂರ ಯಾಕೋ" ಎಂದರು ಅಪ್ಪ. ಬೆಂಗಳೂರಿನ ಲಾಡ್ಜೊಂದರ ಊಟದ ಹಾಲಿನಲ್ಲಿ ಇಬ್ಬರು ಕೂತು ಪ್ರಶ್ನೆ ಕೇಳಿದರು. ಅವರಲ್ಲೊಬ್ಬರು ತೂಕಡಿಸುತ್ತಿದ್ದರು. ಬೆಂಗಳೂರಿನಲ್ಲಿ ಇಂಟರ್ವ್ಯೂ ಕೊಟ್ಟವರಲ್ಲಿ ಯಾರಿಗೂ ಸೀಟು ಸಿಗಲಿಲ್ಲ, ರೈಲು ಹತ್ತಿ ಕ್ಯಾಂಪಸ್ಸಿಗೆ ಹೋದ ಪಕ್ಕದ ಬೀದಿಯ ಹುಡುಗನಿಗೆ ಸಿಕ್ಕಿತು. ದ್ವಾರಕಾನಾಥರು ಓದಿದ್ದು ಇಂಜಿನಿಯರಿಂಗು, ಅತ್ತದ್ದು ಮೆಡಿಕಲ್‌ಗೆ. ಆ ಅಳು ಅವರಲ್ಲಿ ಇನ್ನೂ ಇತ್ತು.

ಈಗ ಅದೇ ಆಸೆ ಮಗಳು ಅನಘಾಗೆ ಹುಟ್ಟಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿಯೇ ಹುಟ್ಟಿದ್ದು. ನೈರೋಬಿಯಲ್ಲೇ ಬೆಳೆದ ಹುಡುಗಿ. ಕನ್ನಡದಲ್ಲಿ ಬೈದರೂ ಅರ್ಥವಾಗುತ್ತದೆ, ಮುದ್ದು ಮಾಡಿದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸ್ಕಾಟ್ಲೆಂಡಿನ ಹಳೆಯ ಮೆಡಿಕಲ್ ಕಾಲೇಜೊಂದರ ಬರವಣಿಗೆಯ ಪರೀಕ್ಷೆ ಮುಗಿಸಿದ್ದಳು. ಉಳಿದದ್ದು ಇಂಟರ್ವ್ಯೂ ಒಂದೇ. ಅದು ದಾಟಿದರೆ ಸೀಟು, ಇಲ್ಲದಿದ್ದರೆ ಇಲ್ಲ. ಅವಳಿಗೆ ಆ ಕಾಲೇಜು ಬಿಟ್ಟು ಬೇರೆ ಯಾವುದೂ ಬೇಕಿರಲಿಲ್ಲ.

ಒಂದು ರಾತ್ರಿ ಊಟಕ್ಕೆ ಕೂತಾಗ ಚಪಾತಿ ಹರಿಯುತ್ತ, "ಅಪ್ಪಾ, ಐ ಚೋಸ್ ರೀಜನಲ್" ಎಂದಳು. ಕ್ಯಾಂಪಸ್ಸಿನ ಇಂಟರ್ವ್ಯೂ ದಿನಗಳು ಸ್ಕೂಲಿನ ಪರೀಕ್ಷೆಯ ವಾರಕ್ಕೇ ಬರುತ್ತಿದ್ದವು. ಕಾಲೇಜಿನ ಹಳೆಯ ವಿದ್ಯಾರ್ಥಿಗಳೇ ರಿವರ್‌ಸೈಡಿನ ಹೋಟೆಲೊಂದರಲ್ಲಿ ಕೂತು ಇಂಟರ್ವ್ಯೂ ಮಾಡುತ್ತಾರೆ, ಮನೆಯಿಂದ ನಡೆದೇ ಹೋಗಬಹುದು ಎಂಬುದು ಅವಳ ಲೆಕ್ಕ.

ದ್ವಾರಕಾನಾಥರ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. "ಏನಂದೆ?"

"ಇಟ್ಸ್ ದ ಸೇಮ್, ಅಪ್ಪಾ. ಈಕ್ವಲ್ ವೆಯ್ಟೇಜ್. ದೇ ಹ್ಯಾವ್ ರಿಟನ್ ಇಟ್."

"ಬರೀತಾರೆ ಕಣೇ, ಬರೀತಾರೆ! ಎರಡೂ ಒಂದೇ ಆಗಿದ್ರೆ ಒಂದೇ ಅಂತ ಯಾಕೆ ಬರೀಬೇಕಿತ್ತು? ನಾನೂ ನಿಮ್ಮಮ್ಮನೂ ಗಂಡ ಹೆಂಡ್ತಿ ಅಂತ ಬಾಗಿಲಿಗೆ ಬೋರ್ಡ್ ಹಾಕಿದೀವಾ?" ದ್ವಾರಕಾನಾಥರು ಎದ್ದೇ ನಿಂತರು. "ಕ್ಯಾಂಪಸ್ ಅಂದ್ರೆ ಮೂಲದೇವರು ಕಣೇ, ಗರ್ಭಗುಡಿ. ಇಲ್ಲಿ ಹೋಟೆಲಿಗೆ ಬರೋದು ಉತ್ಸವಮೂರ್ತಿ. ಮೆರವಣಿಗೆಗೆ ಅಂತ ಮಾಡಿಟ್ಟಿರೋದು. ಅದರ ಮುಂದೆ ಹೇಳ್ಕೊಂಡ ಹರಕೆ ಒಳಗೆ ತಲುಪುತ್ತೆ ಅಂತ ಏನ್ ಗ್ಯಾರಂಟಿ?"

"ನಿಮ್ಮ ಕಾರ್ಡಿನ ಮೇಲೆ ಏನಿದೆ ನೋಡ್ಕೊಳ್ರೀ," ಎಂದರು ಉಷಾ, ಪಲ್ಯ ಬಡಿಸುತ್ತ. "ರೀಜನಲ್ ಮ್ಯಾನೇಜರ್. ಹಾಗಾದ್ರೆ ನೀವೂ ಮೆರವಣಿಗೆ ದೇವರೇ. ಕೂತ್ಕೊಂಡ್ ಊಟ ಮಾಡಿ."

ಮೈಸೂರಿನಿಂದ ಕೆಲವು ತಿಂಗಳ ಮಟ್ಟಿಗೆ ಬಂದಿದ್ದ ದ್ವಾರಕಾನಾಥರ ತಾಯಿ ಕಮಲಾಕ್ಷಮ್ಮ ಅಲ್ಲಿಯವರೆಗೆ ಮಂಡಿ ಉಜ್ಜಿಕೊಳ್ಳುತ್ತ ಸೋಫಾದಲ್ಲಿ ಕೂತಿದ್ದರು. ಉತ್ಸವಮೂರ್ತಿಯ ಮಾತು ಬಂದದ್ದೇ ತಡ, ಅವರಿಗೆ ರೇಗಿತು. "ಲೋ ದ್ವಾರ್ಕಿ, ಮೇಲುಕೋಟೆಲಿ ವೈರಮುಡಿ ಯಾರ ತಲೆ ಮೇಲೆ ಇಡ್ತಾರೋ? ಮೂಲದೇವರಿಗಾ? ಉತ್ಸವಮೂರ್ತಿಗೆ ಕಣೋ! ಊರಿಗೂರೇ ನಿದ್ದೆಗೆಟ್ಟು ಕಾಯೋದು ಅವನಿಗೇನೇ. ನನ್ನಂಥ ಮಂಡಿ ನೋವಿನೋಳು ಗುಡಿ ಮೆಟ್ಟಿಲು ಹತ್ತಕ್ಕಾಗಲ್ಲ ಅಂತ ಅವನೇ ಬೀದಿಗೆ ಇಳಿದು ಬರ್ತಾನೆ. ಬಾಗಿಲಿಗೆ ಬಂದೋನಿಗೆ ಹಣ್ಣುಕಾಯಿ ಮಾಡಿಸೋದು ಬಿಟ್ಟು, ನೀನು ಅಸಲಿನಾ ನಕಲಿನಾ ಅಂತ ಕೇಳ್ತಾರೇನೋ ಮುಂಡೇದೆ?"

ಅನಘಾ ನಗುತ್ತ ಅಜ್ಜಿಯ ಕೆನ್ನೆಗೆ ಮುತ್ತಿಟ್ಟಳು. ದ್ವಾರಕಾನಾಥರು ಮತ್ತೆ ತಟ್ಟೆಯ ಮುಂದೆ ಕೂತರು. ತಾಯಿಯ ಮಾತು ಅವರ ತಲೆಗೆ ಇಳಿದಿತ್ತು. ಆದರೆ ಇಡೀ ಮಾತಿನಲ್ಲಿ ಒಂದೇ ಒಂದು ಪದ ಇಳಿದಿತ್ತು: ಹಣ್ಣುಕಾಯಿ.

ಮುಂದಿನ ವಾರ ಕಾಲೇಜಿನಿಂದ ಬಂದ ಮೇಲ್‌ನಲ್ಲಿ ಇಂಟರ್ವ್ಯೂ ಮಾಡುವವರ ಹೆಸರಿತ್ತು. ಡಾಕ್ಟರ್ ನ್ಯಾಂಬುರಾ. ಹುಡುಕಿದರೆ ಅವರ ಕ್ಲಿನಿಕ್ಕು ಹರ್ಲಿಂಗ್‌ಹ್ಯಾಮ್‌ನಲ್ಲಿ, ಔಷಧದ ಅಂಗಡಿಯೊಂದರ ಮಹಡಿಯ ಮೇಲೆ. ಉಷಾ ಮತ್ತು ಅನಘಾ ಮನೆಯಲ್ಲಿಲ್ಲದ ಒಂದು ಶನಿವಾರ ನೋಡಿಕೊಂಡು ದ್ವಾರಕಾನಾಥರು, "ಅಮ್ಮಾ, ನಡಿ, ಮಂಡಿ ತೋರಿಸ್ಕೊಂಡ್ ಬರೋಣ" ಎಂದರು. ಕೈಯಲ್ಲೊಂದು ಬಟ್ಟೆಯ ಚೀಲ. ಮಗನಿಗೆ ಎಷ್ಟು ಪ್ರೀತಿ ಎಂದು ಕಮಲಾಕ್ಷಮ್ಮನವರ ಕಣ್ಣು ತುಂಬಿ ಬಂತು.

ಡಾಕ್ಟರ್ ನ್ಯಾಂಬುರಾ ನರೆಗೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದ, ನಗುಮುಖದ ಹೆಂಗಸು. ಕಮಲಾಕ್ಷಮ್ಮನವರ ಕೈ ಹಿಡಿದು, ಏನು ತೊಂದರೆ ಎಂದು ಕೇಳಿದರು. ದ್ವಾರಕಾನಾಥರು ಚೀಲದೊಳಗೆ ತಲೆ ಹಾಕಿ ತಟ್ಟೆ ಜೋಡಿಸುತ್ತಿದ್ದರು, ಹಾಗಾಗಿ ಉತ್ತರ ಕೊಡುವ ಭಾರ ಕಮಲಾಕ್ಷಮ್ಮನವರ ಮೇಲೆ ಬಿತ್ತು.

"ತುಂಬಾ ನೋವಮ್ಮ. ತುಂಬಾ, ತುಂಬಾ!"

ಸ್ವಾಹಿಲಿಯಲ್ಲಿ ತುಂಬೊ ಅಂದರೆ ಹೊಟ್ಟೆ. ಡಾಕ್ಟರು ತಲೆಯಾಡಿಸಿ, ಮುದುಕಿಯನ್ನು ಮಂಚದ ಮೇಲೆ ಮಲಗಿಸಿ ಹೊಟ್ಟೆ ಒತ್ತಲು ಶುರುಮಾಡಿದರು. "ಅಲ್ಲಮ್ಮ, ಕೆಳಗೆ, ಕೆಳಗೆ!" ಎಂದು ಕಮಲಾಕ್ಷಮ್ಮ ಕೈ ತೋರಿಸಿದರೆ ಇನ್ನೂ ಸ್ವಲ್ಪ ಕೆಳಗೆ ಒತ್ತಿದರು. ಮುದುಕಿ ಹಾ ಎಂದು ಕೂಗಿಕೊಂಡಿತು. "ಪೋಲೆ, ಮಾಮಾ, ಪೋಲೆ," ಎಂದರು ಡಾಕ್ಟರು. ಪಾಪ, ಅಲ್ಲಿನ ಭಾಷೆಯಲ್ಲಿ ಅದು 'ನೋವಾಯಿತೇ ತಾಯಿ, ಕ್ಷಮಿಸಿ' ಎಂಬ ಮಾತು. ಕಮಲಾಕ್ಷಮ್ಮ ದಡಕ್ಕನೆ ಎದ್ದು ಕೂತರು.

"ಪೋಲಿ ಮಾಮ ಅಂತಾಳಲ್ಲೋ ಇವಳು! ಯಾರೋ ಅದು, ನೀನೇನೋ?"

ಅಷ್ಟರಲ್ಲಿ ದ್ವಾರಕಾನಾಥರ ತಟ್ಟೆ ಸಿದ್ಧವಾಗಿತ್ತು. ಜುಟ್ಟಿನ ತೆಂಗಿನಕಾಯಿ, ಬಾಳೆಹಣ್ಣು, ಪಾರ್ಕ್‌ಲ್ಯಾಂಡ್ಸ್‌ನ ಗುಜರಾತಿ ಅಂಗಡಿಯಿಂದ ತಂದ ವೀಳ್ಯದೆಲೆ, ಒಂದು ಡಬ್ಬಿ ಮೈಸೂರು ಪಾಕು. ಪಕ್ಕದಲ್ಲಿ ಅನಘಾಳ ಬಯೋಡೇಟಾ. ಅದನ್ನು ಅವರು ಸೋದರಳಿಯನ ಮದುವೆಯ ಬಯೋಡೇಟಾ ನೋಡಿಕೊಂಡು ತಯಾರಿಸಿದ್ದರು. ಹಾಗಾಗಿ ಹುಡುಗಿಯ ಅಂಕಗಳ ಜೊತೆಗೆ ಎತ್ತರ, ಗೋಧಿ ಮೈಬಣ್ಣ ಮತ್ತು ನಕ್ಷತ್ರವೂ ಇದ್ದವು. ಗೋತ್ರ ಬಿಟ್ಟಿದ್ದರು. ಹೊರದೇಶದವರಿಗೆ ಅದೆಲ್ಲ ಯಾಕೆ ಎಂಬ ವಿವೇಕ ಅವರಿಗಿತ್ತು.

ನಮ್ಮ ಕಡೆ ಏನನ್ನಾದರೂ ಕೊಡುವಾಗ ಸುಮ್ಮನೆ ಕೊಡುವುದಿಲ್ಲವಲ್ಲ. "ಏನೂ ಇಲ್ಲ, ಏನೋ ಒಂದು ಸಣ್ಣದು" ಎನ್ನಬೇಕು. ಅದನ್ನು ದ್ವಾರಕಾನಾಥರು ಸ್ವಾಹಿಲಿಯಲ್ಲೇ ಹೇಳಿ ಡಾಕ್ಟರ ಮನಸ್ಸು ಗೆಲ್ಲಬೇಕೆಂದುಕೊಂಡರು. ಅವರಿಗೆ ಬರುತ್ತಿದ್ದ ಸ್ವಾಹಿಲಿ ಒಂದು ಹಿಡಿ. ಕಿಟು ಅಂದರೆ ವಸ್ತು. ಕಿಡೋಗೊ ಅಂದರೆ ಚಿಕ್ಕದು, ಚಹಾಗೆ ಸಕ್ಕರೆ ಕಿಡೋಗೊ ಎಂದು ದಿನವೂ ಹೇಳುತ್ತಿದ್ದರು. ಎರಡನ್ನೂ ತಾವೇ ಹೊಲಿದು, ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಬಾಗಿ, "ಡಾಕ್ಟರ್, ಕಿಟು ಕಿಡೋಗೊ" ಎಂದರು. "ಮೈ ಡಾಟರ್ ಈಸ್ ಕಮಿಂಗ್ ಟು ಯು ಫಾರ್ ಇಂಟರ್ವ್ಯೂ."

ಡಾಕ್ಟರ ಮುಖದ ನಗು ಹೋಯಿತು. ಬಯೋಡೇಟಾದ ಮೇಲಿನ ಹೆಸರನ್ನು ಓದಿದರು. ದಯವಿಟ್ಟು ಇದನ್ನು ವಾಪಸ್ ತೆಗೆದುಕೊಂಡು ಹೋಗಿ ಎಂದರು. ದ್ವಾರಕಾನಾಥರಿಗೆ ಖುಷಿಯಾಯಿತು. ಸಭ್ಯಸ್ಥರು ಮೊದಲು ಬೇಡ ಅಂತಲೇ ಅನ್ನಬೇಕು. ಡಾಕ್ಟರು ಮತ್ತೆ, ಇನ್ನಷ್ಟು ಗಟ್ಟಿಯಾಗಿ, ಬೇಡ ಎಂದರು. ಇದು ಇನ್ನೂ ಒಳ್ಳೆಯ ಮನೆತನದ ಲಕ್ಷಣ. ಮೂರನೆಯ ಸಲ ಅವರಿಗೆ ಮುಜುಗರ ಆಗಬಾರದೆಂದು ತಟ್ಟೆಯನ್ನು ಮೇಜಿನ ಮೇಲಿಟ್ಟು, ತಾಯಿಯ ರಟ್ಟೆ ಹಿಡಿದು, ಮೆಟ್ಟಿಲಿಳಿದು ಓಡಿಯೇಬಿಟ್ಟರು. "ನನ್ನ ಮಂಡಿ ಕಣೋ, ಮಂಡಿ!" ಎಂದು ಕಮಲಾಕ್ಷಮ್ಮ ಟ್ಯಾಕ್ಸಿಯಲ್ಲೂ ಹೇಳುತ್ತಲೇ ಇದ್ದರು.

ಸಂಜೆ ಎದುರು ಫ್ಲ್ಯಾಟಿನ ಫಿಲೋಮಿನಾ ಬಾಯಿ ಪಾತ್ರೆ ವಾಪಸ್ ಕೊಡಲು ಬಂದರು. ಮಂಗಳೂರಿನವರು, ನೈರೋಬಿಯಲ್ಲೇ ತಲೆ ನರೆತವರು. ದ್ವಾರಕಾನಾಥರಿಗೆ ತಡೆಯಲಾಗಲಿಲ್ಲ. ಉಷಾ ಮತ್ತು ಅನಘಾ ಕೇಳುವಂತೆಯೇ ಇಡೀ ಸಾಹಸವನ್ನು ಬಣ್ಣಿಸಿ, ತಮ್ಮ ಸ್ವಾಹಿಲಿಯನ್ನೂ ಹೇಳಿ ತೋರಿಸಿದರು.

ಫಿಲೋಮಿನಾ ಬಾಯಿ ಪಾತ್ರೆಯನ್ನು ಎದೆಗೆ ಅವಚಿಕೊಂಡರು. "ಅಯ್ಯೋ ಮಾರಾಯ್ರೇ! ಕಿಟು ಕಿಡೋಗೊ ಅಂತ ಹೇಳಿದ್ದಾ? ನೀವು? ಡಾಕ್ಟರ ಹತ್ರ?"

"ಹೌದು. ಸಣ್ಣದೊಂದು ವಸ್ತು ಅಂತ."

"ಎಂಥ ಸಣ್ಣ ವಸ್ತು! ಇಲ್ಲಿ ಹಾಗೆ ಹೇಳಿದ್ರೆ ಲಂಚ ಅಂತ ಅರ್ಥ ಮಾರಾಯ್ರೇ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಕೇಳ್ತಾರಲ್ಲ, ಅದುವೇ. ಇಷ್ಟು ವರ್ಷದಿಂದ ಇಲ್ಲಿದ್ದೀರಿ, ಇದೊಂದು ಗೊತ್ತಿಲ್ವಾ ನಿಮಗೆ?"

ಗೊತ್ತಿರಲಿಲ್ಲ. ಕಂಪನಿಯ ಕಾರು, ಕಂಪನಿಯ ಡ್ರೈವರು, ಇವರಿಗೆ ಯಾರು ಹೇಳಬೇಕು? ಉಷಾ ಕುರ್ಚಿಯಲ್ಲಿ ಕುಸಿದರು. ಅನಘಾ ಅಪ್ಪನನ್ನೇ ನೋಡಿದಳು. ಅವಳು ನಾಲ್ಕು ವರ್ಷದಿಂದ ಹಗಲೂ ಇರುಳೂ ಓದಿದ್ದು ದ್ವಾರಕಾನಾಥರ ಕಣ್ಣ ಮುಂದೆ ಬಂತು.

ಆಗಬೇಕಾದದ್ದೇ ಆಯಿತು. ಡಾಕ್ಟರ್ ನ್ಯಾಂಬುರಾ ಕಾಲೇಜಿಗೆ ನಡೆದದ್ದನ್ನು ನಡೆದ ಹಾಗೆ ಬರೆದಿದ್ದರು. ಕಾಲೇಜಿನ ಉತ್ತರವನ್ನು ಅನಘಾ ನಿಂತುಕೊಂಡೇ ಓದಿದಳು. ನೈರೋಬಿಯ ಇಂಟರ್ವ್ಯೂ ರದ್ದು. ಇಷ್ಟವಿದ್ದರೆ ಕ್ಯಾಂಪಸ್ಸಿನ ಕೊನೆಯ ದಿನದಂದು ಮೂವರ ಸಮಿತಿಯ ಮುಂದೆ ಒಬ್ಬಳೇ ಬರಬೇಕು, ಮನೆಯವರು ಯಾರೂ ಬರಕೂಡದು. ತಟ್ಟೆಯ ವಿಷಯವನ್ನೂ ಅಲ್ಲಿ ಕೇಳಲಾಗುವುದು. ಬರಲಾಗದಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು.

"ಯು ವಾಂಟೆಡ್ ಕ್ಯಾಂಪಸ್, ಅಪ್ಪಾ," ಎಂದಳು ಅನಘಾ. "ಕಂಗ್ರಾಜುಲೇಷನ್ಸ್." ಕೋಣೆಯ ಬಾಗಿಲು ಹಾಕಿಕೊಂಡಳು. ಆಮೇಲೆ ಅಪ್ಪನ ಜೊತೆ ಇಂಗ್ಲಿಷಿನಲ್ಲೂ ಮಾತಿಲ್ಲ.

ನೋಡಿ, ಜೀವನವಿಡೀ ಹೆಡ್ಡಾಫೀಸು ಹೆಡ್ಡಾಫೀಸು ಎಂದು ಜಪ ಮಾಡಿದ ಮನುಷ್ಯ. ದೇವರು ಕೊಟ್ಟ. ಹೇಗೆ ಕೊಟ್ಟ ಅಂದರೆ, ಮಗಳನ್ನು ಕಟಕಟೆಯಲ್ಲಿ ನಿಲ್ಲಿಸಿ ಕೊಟ್ಟ. ದ್ವಾರಕಾನಾಥರಿಗೆ ಊಟ ಸೇರಲಿಲ್ಲ. ವೀಸಾ ಕಛೇರಿಗೆ ಅಲೆದರು, ಸ್ಕೂಲಿನ ಹೆಡ್‌ಮಿಸ್ಟ್ರೆಸ್ಸನ್ನು ಕಂಡು, ತಪ್ಪಿಹೋಗುವ ಪರೀಕ್ಷೆಗಳನ್ನು ಆಮೇಲೆ ಬರೆಸಿ ಎಂದು ಬೇಡಿಕೊಂಡರು. ಮನೆಯಲ್ಲಿ ಮಗಳು ನಡೆದಾಡಿದರೆ ತಾವು ಗೋಡೆಯ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಉಷಾಗೆ ಸಿಟ್ಟೂ ಬರುತ್ತಿತ್ತು, ಅಯ್ಯೋ ಪಾಪ ಅಂತಲೂ ಅನ್ನಿಸುತ್ತಿತ್ತು. "ಹೋಗಿ ಆ ಡಾಕ್ಟರಮ್ಮನ ಹತ್ರ ಕ್ಷಮೆ ಕೇಳ್ಕೊಂಡ್ ಬನ್ನಿ," ಎಂದರು ಕೊನೆಗೆ. "ಬರಿಗೈಲಿ ಹೋಗಿ. ಗೊತ್ತಾಯ್ತಾ? ಬ-ರಿ-ಗೈ."

ಬರಿಗೈಯಲ್ಲಿ ಒಬ್ಬರ ಬಾಗಿಲಿಗೆ ಹೋಗುವುದು ದ್ವಾರಕಾನಾಥರಿಗೆ ಗೊತ್ತೇ ಇರಲಿಲ್ಲ. ದೇವರ ಹತ್ತಿರ, ಗುರುಗಳ ಹತ್ತಿರ, ಮಗು ಇರುವ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಮಗ ನಡೆಯಲು ಕಲಿತಾಗಿನಿಂದ ಕಮಲಾಕ್ಷಮ್ಮ ಹೇಳಿದ್ದರು. ಹರ್ಲಿಂಗ್‌ಹ್ಯಾಮ್‌ನ ಆ ಮೆಟ್ಟಿಲು ಹತ್ತುವಾಗ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಜೇಬಿನಲ್ಲಿಟ್ಟರು, ತೆಗೆದರು, ಬೆನ್ನ ಹಿಂದೆ ಕಟ್ಟಿದರು. ಬೆನ್ನ ಹಿಂದೆ ಕಟ್ಟಿದ್ದು ನೋಡಿ ಡಾಕ್ಟರು, "ಏನು ಬಚ್ಚಿಟ್ಟಿದ್ದೀರಿ?" ಎಂದು ಗದರಿದರು. ದ್ವಾರಕಾನಾಥರು ಎರಡೂ ಅಂಗೈಗಳನ್ನು ಸ್ಕೂಲು ಹುಡುಗನ ಹಾಗೆ ಮುಂದೆ ಚಾಚಿದರು.

ಆಗ ಡಾಕ್ಟರು ನಕ್ಕರು. ಕೂರಿಸಿದರು. ನಿಮ್ಮದು ಲಂಚವಲ್ಲ ಎಂದು ನನಗೆ ಅನ್ನಿಸಿತ್ತು, ಹಾಗೆಂದೂ ಬರೆದಿದ್ದೇನೆ ಎಂದರು. ನಮ್ಮಮ್ಮನೂ ಹೀಗೆಯೇ, ಊರಿನಿಂದ ಯಾರನ್ನು ನೋಡಲು ಹೊರಟರೂ ಒಂದು ಚೀಲ ಆಲೂಗಡ್ಡೆ ಇಲ್ಲದೆ ಹೊರಡುವುದಿಲ್ಲ. ಆದರೆ ಆಲೂಗಡ್ಡೆ ತಂದವರ ಮಗುವಿಗೆ ನಾನು ಅಂಕ ಹಾಕಿದರೆ, ಆಲೂಗಡ್ಡೆ ತರದವರ ಮಗುವಿಗೆ ಏನು ಹೇಳಲಿ ಎಂದು ಕೇಳಿದರು. ದ್ವಾರಕಾನಾಥರಿಗೆ ಲಾಡ್ಜಿನ ಊಟದ ಹಾಲು ನೆನಪಾಯಿತು. ಅವರು ತರದವರ ಮಗುವಾಗಿದ್ದವರು. ತಲೆ ತಗ್ಗಿಸಿ ಕೂತರು.

ಬೀರುವಿನ ಮೇಲೆ ತೆಂಗಿನಕಾಯಿ ಚೀಟಿ ಅಂಟಿಸಿಕೊಂಡು ಸಾಕ್ಷಿಯಾಗಿ ಕೂತಿತ್ತು. ಮೈಸೂರು ಪಾಕಿನ ಡಬ್ಬಿಯೂ ಪಕ್ಕದಲ್ಲೇ ಇತ್ತು, ಖಾಲಿ. ಅದರ ಬಗ್ಗೆ ಡಾಕ್ಟರೂ ಏನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಬಾಗಿಲ ಬಳಿ ಡಾಕ್ಟರು, "ನಿಮ್ಮ ತಾಯಿಯ ಹೊಟ್ಟೆ ಹೇಗಿದೆ?" ಎಂದರು. "ಹೊಟ್ಟೆ ಅಲ್ಲ ಡಾಕ್ಟರ್, ಮಂಡಿ," ಎಂದರು ದ್ವಾರಕಾನಾಥರು. ಡಾಕ್ಟರು ತಲೆ ಚಚ್ಚಿಕೊಂಡರು.

ಮನೆಗೆ ಬಂದು ಅವರು ಇದೆಲ್ಲವನ್ನೂ ಮಗಳ ಕೋಣೆಯ ಮುಚ್ಚಿದ ಬಾಗಿಲಿಗೆ ಹೇಳಿದರು. ಹೊಟ್ಟೆ ಒತ್ತಿದ್ದು, ಪೋಲಿ ಮಾಮ, ಆಲೂಗಡ್ಡೆ, ಲಾಡ್ಜು, ಎಲ್ಲವನ್ನೂ. "ತಪ್ಪಾಯ್ತು ಪುಟ್ಟಿ" ಎಂದರು.

ಬಾಗಿಲು ತೆರೆಯಲಿಲ್ಲ.

ಏರ್‌ಪೋರ್ಟಿನಲ್ಲಿ ಅಜ್ಜಿ ಹಣೆಗೆ ಕುಂಕುಮ ಇಟ್ಟರು, ಅಮ್ಮ ಚಕ್ಕುಲಿ ಡಬ್ಬ ತುರುಕಿದರು. ದ್ವಾರಕಾನಾಥರು ಮಾತ್ರ ಏನೂ ತಂದಿರಲಿಲ್ಲ. ಏನಾದರೂ ತಂದು ಏನಾದರೂ ಆಗಿಬಿಟ್ಟರೆ ಎಂಬ ಭಯ. ಅನಘಾ ಅವರ ಖಾಲಿ ಕೈಗಳನ್ನು ಒಮ್ಮೆ ನೋಡಿ ಒಳಗೆ ಹೋದಳು.

ಇಂಟರ್ವ್ಯೂ ದಿನ ಅವರು ಆಫೀಸಿಗೆ ಹೋಗಲಿಲ್ಲ. ಫೋನನ್ನು ದೇವರ ಗೂಡಿನಲ್ಲಿಟ್ಟು ಅದರ ಮುಂದೆ ಕೂತರು. ಮಧ್ಯಾಹ್ನ ಅದು ಬಡಿದುಕೊಂಡಾಗ ಎತ್ತಿಕೊಳ್ಳುವ ಬದಲು ಕೈ ಮುಗಿದರು. ಉಷಾ ಸ್ಪೀಕರಿಗೆ ಹಾಕಿದರು.

"ಅಪ್ಪಾ," ಎಂದಳು ಅನಘಾ. ಆಮೇಲೆ ಆ ಮನೆಯಲ್ಲಿ ಯಾರೂ ಅವಳ ಬಾಯಿಂದ ಕೇಳದಿದ್ದದ್ದು ಬಂತು. ಕನ್ನಡ. ತಡವರಿಸುವ, ಎಡವುವ ಕನ್ನಡ. "ಮೊದಲು ಅದೇ ಕೇಳಿದ್ರು. ನಾನು ಎಲ್ಲಾ ಹೇಳ್ದೆ. ಇಂಗ್ಲಿಷಲ್ಲಿ ಹೇಳಿದ್ರೆ ಸರಿ ಬರ್ಲಿಲ್ಲ. ಗಿಫ್ಟ್ ಅಂದ್ರೆ ಸುಳ್ಳು ಆಗುತ್ತೆ. ಲಂಚ ಅಂದ್ರೂ ಸುಳ್ಳು. ಅದಕ್ಕೆ ಬರಿಗೈ ಅಂತ ಕನ್ನಡದಲ್ಲೇ ಹೇಳಿ, ಮೀನಿಂಗ್ ಹೇಳ್ದೆ. ಮೂಲದೇವರು, ಉತ್ಸವಮೂರ್ತಿ, ಅದೂ ಹೇಳ್ದೆ. ಅಪ್ಪ ಲಂಚ ಕೊಡಕ್ಕೆ ಹೋಗ್ಲಿಲ್ಲ, ಪೂಜೆ ಮಾಡಕ್ಕೆ ಹೋದ್ರು ಅಂದೆ. ಆದ್ರೂ ತಪ್ಪೇ ಅಂದೆ."

"ತಪ್ಪೇ ಪುಟ್ಟಿ, ತಪ್ಪೇ," ಎಂದರು ದ್ವಾರಕಾನಾಥರು. ಕಣ್ಣಿನಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು.

"ಆಮೇಲೆ ಒಬ್ರು ಕೇಳಿದ್ರು, ನೀನು ಡಾಕ್ಟರ್ ಆದ್ಮೇಲೆ ಪೇಷಂಟ್ ತೆಂಗಿನಕಾಯಿ ತಂದ್ರೆ ಏನ್ ಮಾಡ್ತೀಯ ಅಂತ. ಕಾಯಿ ತಗೊಳ್ಳಲ್ಲ ಅಂದೆ. ಆದ್ರೆ ನಮ್ಮಜ್ಜಿ ತುಂಬಾ ಅಂದ್ರೆ ಅದು ಹೊಟ್ಟೆನಾ ಮಂಡಿನಾ ಅಂತ ಫಸ್ಟ್ ಕೇಳ್ತೀನಿ ಅಂದೆ. ಅಜ್ಜಿ ಮಂಡಿ ಇನ್ನೂ ಯಾರೂ ನೋಡಿಲ್ಲ ಅಂದೆ."

"ನನ್ನ ಬಂಗಾರ!" ಎಂದು ಕಮಲಾಕ್ಷಮ್ಮ ಹಿಂದಿನಿಂದ ಕೂಗಿದರು. "ಅಷ್ಟು ಜನದಲ್ಲಿ ನನ್ನ ಮಂಡಿ ಬಗ್ಗೆ ಮಾತಾಡಿದ್ದು ಇವಳೊಬ್ಬಳೇ!"

ಸೀಟು ಸಿಕ್ಕಿತು. ಡಾಕ್ಟರ್ ನ್ಯಾಂಬುರಾ ಕಮಲಾಕ್ಷಮ್ಮನವರ ಮಂಡಿಯನ್ನೂ ನೋಡಿದರು, ಫಿಲೋಮಿನಾ ಬಾಯಿಯನ್ನು ದುಭಾಷಿಯಾಗಿ ಕೂರಿಸಿಕೊಂಡು. ದ್ವಾರಕಾನಾಥರನ್ನು ಕೆಳಗೆ ಔಷಧದ ಅಂಗಡಿಯ ಬಳಿಯೇ ನಿಲ್ಲಿಸಿದ್ದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಂದಿನ ವರ್ಷ ಆ ಕಾಲೇಜು ತನ್ನ ನಿಯಮಗಳಿಗೆ ಹೊಸದೊಂದು ಸಾಲು ಸೇರಿಸಿತು. ಸ್ಕಾಟ್ಲೆಂಡಿನಿಂದ ಅನಘಾಳೇ ಅದನ್ನು ಕಳಿಸಿದಳು: 'ರೀಜನಲ್ ಇಂಟರ್ವ್ಯೂ ನಡೆಸುವವರಿಗೆ ಅಭ್ಯರ್ಥಿಗಳ ಮನೆಯವರು ಹಣ್ಣು, ಸಿಹಿ, ತೆಂಗಿನಕಾಯಿ ಮುಂತಾದ ಯಾವುದನ್ನೂ ಕೊಡಬಾರದಾಗಿ ವಿನಂತಿ.' ದ್ವಾರಕಾನಾಥರು ಅದನ್ನು ಫೋನಿನಲ್ಲಿ ಇಟ್ಟುಕೊಂಡು ಮನೆಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದರು. "ಅಷ್ಟು ಹಳೇ ಕಾಲೇಜು ಕಣ್ರೀ. ತೆಂಗಿನಕಾಯಿ ಅಂತ ಬರೆದಿದ್ದು ಇದೇ ಮೊದಲು. ನನ್ನ ಕಾಯಿ ಹೆಡ್ಡಾಫೀಸ್ ತನಕ ಹೋಯ್ತು!"

"ಸರಿಯಾಗಿ ಓದಿ," ಎಂದರು ಉಷಾ ಒಮ್ಮೆ, ಬೇಕೆಂದೇ ಕೆಣಕಲು. "ರೀಜನಲ್‌ನೋರಿಗೆ ಕೊಡಬೇಡಿ ಅಂತ ಮಾತ್ರ ಇದೆ."

ಹಾಗೆ ಅಂದದ್ದೇ ತಪ್ಪಾಯಿತು. ದ್ವಾರಕಾನಾಥರು ಕನ್ನಡಕ ಏರಿಸಿಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದರು, ಮಗದೊಮ್ಮೆ ಓದಿದರು. ಮುಖ ಅರಳಿತು. "ಹೌದಲ್ವೇ! ಅವಳ ಕಾನ್ವೊಕೇಷನ್‌ಗೆ ನಾವು ಕ್ಯಾಂಪಸ್ಸಿಗೇ ಹೋಗ್ತೀವಲ್ಲ!" ಎಂದವರೇ, ಜುಟ್ಟು ಬಿಟ್ಟ ಕಾಯಿ ಎಷ್ಟು ದಿನ ಕೆಡದೆ ಇರುತ್ತದೆ ಎಂದು ತಾಯಿಯನ್ನು ಕೇಳಲು ಒಳಗೆ ಹೋದರು.

ಅಂದಿನಿಂದ ಉಷಾ ಮನೆಗೆ ತಂದ ತೆಂಗಿನಕಾಯಿಯನ್ನು ತಂದ ಕೂಡಲೇ ಒಡೆದುಬಿಡುತ್ತಾರೆ.